ಟಾಂಜಾನಿಯಾದ ಹಳ್ಳಿ ಶಾಲೆಗೆ ಒಂದು ವರ್ಷ ಪಾಠ ಹೇಳಲು ಹೊರಟಿದ್ದೇನೆ. ಅಲ್ಲಿ ದಿನ ಹೇಗಿರುತ್ತದೆ?

ಹೊರಟವಳು

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನ ವಿಜ್ಞಾನ ಶಿಕ್ಷಕಿ. ಬರುವ ಜನವರಿಯಿಂದ ಒಂದು ವರ್ಷ ಟಾಂಜಾನಿಯಾದ ಟಾಂಗಾ ಪ್ರಾಂತ್ಯದ ಹಳ್ಳಿಯೊಂದರಲ್ಲಿ, ಸರಕಾರಿ ಸೆಕೆಂಡರಿ ಶಾಲೆಯಲ್ಲಿ ಸ್ವಯಂಸೇವಕಿಯಾಗಿ ಇರಲು ಒಪ್ಪಿಕೊಂಡಿದ್ದೇನೆ. ಸಂಬಳ ಇಲ್ಲ. ಇರಲು ಒಂದು ಕೋಣೆ, ಊಟದ ಖರ್ಚು, ಅಷ್ಟೇ.

ವಿಮಾನ, ಕಾಗದಪತ್ರ ಎಲ್ಲಾ ನಡೀತಾ ಇದೆ. ನನಗೆ ಬೇಕಾಗಿರುವುದು ಬೇರೆ. ಬೆಳಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವ ತನಕ ಅಲ್ಲಿ ದಿನ ಹೇಗೆ ಸಾಗುತ್ತದೆ? ಭಾಷೆ ಬರದೆ ಪಾಠ ಹೇಗೆ ಮಾಡುವುದು? ನಾನು ಹೋಗುವುದರಿಂದ ಆ ಮಕ್ಕಳಿಗೆ ನಿಜವಾಗಿ ಏನಾದರೂ ಸಿಗುತ್ತದಾ? ಈ ಕೊನೆಯ ಪ್ರಶ್ನೆ ರಾತ್ರಿ ನಿದ್ದೆ ಕೆಡಿಸುತ್ತಿದೆ. ಹೋಗಿ ಬಂದವರು ಯಾರಾದರೂ ಇದ್ದರೆ ಮುಚ್ಚುಮರೆ ಇಲ್ಲದೆ ಹೇಳಿ.

ಕತ್ತಾಳೆ ಬೇಲಿ

ಮೇಡಂ, ನಾನು 2017 ಮತ್ತು 2018, ಎರಡು ವರ್ಷ ಮುಹೇಝಾ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ಗಣಿತ ಮತ್ತು ವಿಜ್ಞಾನ ಹೇಳಿಕೊಡುತ್ತಿದ್ದೆ. ಅದೂ ಟಾಂಗಾ ಪ್ರಾಂತ್ಯವೇ. ಸುತ್ತ ಕಿತ್ತಳೆ ತೋಟ. ಬಯಲಿಗೆ ಇಳಿದರೆ ಸಾಲು ಸಾಲು ಕತ್ತಾಳೆ. ಜರ್ಮನ್ನರ ಆಳ್ವಿಕೆಯಲ್ಲಿ, 1893ರಲ್ಲಿ, ನಾರು ತೆಗೆಯಲೆಂದು ತಂದು ನೆಟ್ಟ ಬೆಳೆ ಅದು. ದೂರದಲ್ಲಿ ಉಸಂಬರಾ ಬೆಟ್ಟಗಳು. ಈಗಲೂ ಕಣ್ಣು ಮುಚ್ಚಿದರೆ ಆ ದಾರಿ ಕಾಣುತ್ತದೆ.

ಮೊದಲು ಗಡಿಯಾರ ಕಲಿಯಿರಿ. ಸ್ವಾಹಿಲಿಯಲ್ಲಿ ಗಂಟೆಯ ಎಣಿಕೆ ಶುರುವಾಗುವುದು ಬೆಳಕು ಹರಿದ ಮೇಲೆ. ನಮ್ಮ ಏಳು ಗಂಟೆ ಅವರಿಗೆ 'ಸಾ ಮೋಜಾ', ಅಂದರೆ ಒಂದು ಗಂಟೆ. ನಮ್ಮ ಒಂಬತ್ತು ಅವರ ಮೂರು. ಸಮಭಾಜಕಕ್ಕೆ ಹತ್ತಿರದ ಊರು ತಾನೆ, ವರ್ಷವಿಡೀ ಸೂರ್ಯ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹುಟ್ಟುತ್ತಾನೆ. ಹಾಗಾಗಿ ಅಲ್ಲಿಗೆ ಆ ಲೆಕ್ಕವೇ ಸರಿ. ಯಾರಾದರೂ ಮೂರು ಗಂಟೆಗೆ ಸಭೆ ಅಂದರೆ ಬೆಳಗ್ಗೆಯಾ, ಮಧ್ಯಾಹ್ನವಾ ಅಂತ ಕೇಳಿಕೊಳ್ಳಿ.

ಆರೂವರೆಗೆಲ್ಲ ಮಕ್ಕಳು ಬರುತ್ತಾರೆ. ಕೈಯಲ್ಲಿ ಪೊರಕೆ, ಕೆಲವರ ತಲೆಯ ಮೇಲೆ ನೀರಿನ ಬಕೆಟ್ಟು. ಅಂಗಳ ಗುಡಿಸಿ, ಗಿಡಗಳಿಗೆ ನೀರು ಹಾಕಿ, ಕಕ್ಕಸು ತೊಳೆದು, ಆಮೇಲೆ ಸಾಲಾಗಿ ನಿಲ್ಲುತ್ತಾರೆ. ರಾಷ್ಟ್ರಗೀತೆ, ಹೆಡ್‌ಮಾಸ್ಟರ ನಾಲ್ಕು ಮಾತು, ತರಗತಿ. ಶಾಲೆಗೆ ಸೇರಿದ ಹೊಲವೂ ಇರಬಹುದು. ಮಕ್ಕಳು ಗುದ್ದಲಿ ಹಿಡಿದು ಮೆಕ್ಕೆಜೋಳಕ್ಕೆ ಇಳಿದಾಗ ನೋಡಿ ಬೇಜಾರು ಮಾಡಿಕೊಳ್ಳಬೇಡಿ. 1967ರಲ್ಲಿ ಅಧ್ಯಕ್ಷ ಜೂಲಿಯಸ್ ನ್ಯೆರೆರೆ ಸ್ವಾವಲಂಬನೆಗಾಗಿ ಶಿಕ್ಷಣ ಅಂತ ಒಂದು ನೀತಿ ತಂದರು. ಓದುವ ಮಗು ಹೊಲದಿಂದ ದೂರ ಆಗಬಾರದು ಅನ್ನುವುದು ಅವರ ಆಸೆ. ಆ ಅಭ್ಯಾಸ ಉಳಿದಿದೆ.

ನೀವು ತರಗತಿಗೆ ಕಾಲಿಟ್ಟ ಕೂಡಲೇ ಎಲ್ಲರೂ ಎದ್ದು 'ಶಿಕಮೋ ಮ್ವಾಲಿಮು' ಅನ್ನುತ್ತಾರೆ. ಹಿರಿಯರಿಗೆ ಹೇಳುವ ನಮಸ್ಕಾರ ಅದು. 'ಮರಹಬಾ' ಅಂತ ಉತ್ತರ ಕೊಡಬೇಕು. ಊರಿನ ಅಜ್ಜಿ ಎದುರಾದರೆ ನೀವೇ ಮೊದಲು ಶಿಕಮೋ ಅನ್ನಬೇಕು. ಮ್ವಾಲಿಮು ಅಂದರೆ ಗುರು. ಮೇಷ್ಟ್ರಾಗಿದ್ದ ನ್ಯೆರೆರೆಯನ್ನು ಇಡೀ ದೇಶ ಇವತ್ತಿಗೂ ಕರೆಯುವುದು ಅದೇ ಹೆಸರಿನಿಂದ. ಅವರು ತೀರಿಕೊಂಡ ಅಕ್ಟೋಬರ್ 14 ಅಲ್ಲಿ ರಜಾದಿನ. ಆ ಮಾತಿನಿಂದ ನಿಮ್ಮನ್ನು ಕರೆದಾಗ ಅದರ ತೂಕ ನೆನಪಿರಲಿ.

ಹತ್ತು ಗಂಟೆ ಸುಮಾರಿಗೆ ಚಹಾ. ಮಧ್ಯಾಹ್ನ ಶಾಲೆಯಲ್ಲಿ ಅಡುಗೆ ಇದ್ದರೆ ಮಕಾಂಡೆ, ಅಂದರೆ ಮೆಕ್ಕೆಜೋಳ ಮತ್ತು ಕಾಳು ಒಟ್ಟಿಗೆ ಬೇಯಿಸಿದ್ದು. ರಾತ್ರಿ ಉಗಾಲಿ. ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಅನ್ನಿ. ಜೊತೆಗೆ ಮ್ಚಿಚಾ ಸೊಪ್ಪು ಅಥವಾ ಮಹರಾಗೆ, ಅಂದರೆ ಕಾಳಿನ ಸಾರು. ನೀವು ಸಸ್ಯಾಹಾರಿಯಾದರೂ ಹೊಟ್ಟೆಗೆ ತೊಂದರೆ ಇಲ್ಲ. ಆರೂವರೆಗೆ ಕತ್ತಲು. ಆಮೇಲೆ ಟಾರ್ಚು, ಸೊಳ್ಳೆಪರದೆ, ಮರುದಿನದ ಪಾಠದ ತಯಾರಿ.

ಪಾಠದ ವಿಷಯ ದೊಡ್ಡದು. ಅದನ್ನು ಬೇರೆಯಾಗಿ ಬರೆಯುತ್ತೇನೆ.

ನರ್ಸಕ್ಕ

ನಾನು ಅಲ್ಲಿಯ ಒಂದು ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡಿದ್ದೇನೆ. ಟಾಂಗಾದ ಕರಾವಳಿ ಬಯಲಿನಲ್ಲಿ ಮಲೇರಿಯಾ ಇದೆ. ಅದೂ ಫಾಲ್ಸಿಪಾರಂ ಜಾತಿಯದ್ದು, ತಡ ಮಾಡಿದರೆ ಜೀವಕ್ಕೆ ಅಪಾಯ. ಹೊರಡುವ ಮೊದಲೇ ವೈದ್ಯರನ್ನು ಕಂಡು ತಡೆ ಮಾತ್ರೆ ಬರೆಸಿಕೊಳ್ಳಿ. ಅದನ್ನು ಪ್ರಯಾಣಕ್ಕೆ ಮುಂಚೆಯೇ ಶುರು ಮಾಡಬೇಕು. ವಾಪಸ್ ಬಂದ ಮೇಲೂ ಹೇಳಿದಷ್ಟು ದಿನ ಮುಂದುವರಿಸಬೇಕು. ಮಧ್ಯದಲ್ಲಿ ಬಿಡಬಾರದು. ಔಷಧಿ ಲೇಪಿಸಿದ ಪರದೆಯಲ್ಲೇ ಮಲಗಿ. ಆ ಸೊಳ್ಳೆ ಕಚ್ಚುವುದು ರಾತ್ರಿ ಹೊತ್ತು.

ಜ್ವರ ಬಂದರೆ ಸುಸ್ತು ಇರಬಹುದು, ನಾಳೆ ನೋಡೋಣ ಅಂತ ಕೂರಬೇಡಿ. ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆದು ನೋಡುವ ಪಟ್ಟಿ ಹಳ್ಳಿಯ ಚಿಕಿತ್ಸಾಲಯದಲ್ಲೂ ಇರುತ್ತದೆ. ಕಾಲು ಗಂಟೆಯಲ್ಲಿ ಗೊತ್ತಾಗುತ್ತದೆ. ಮನೆಗೆ ಬಂದು ತಿಂಗಳುಗಳಾದ ಮೇಲೆ ಜ್ವರ ಬಂದರೂ ಅಲ್ಲಿದ್ದೆ ಅಂತ ಡಾಕ್ಟರಿಗೆ ಹೇಳಿ.

ಇನ್ನೆರಡು ಮಾತು. ಕೆರೆ, ನಿಂತ ನೀರಿಗೆ ಇಳಿಯಬೇಡಿ. ಕಿಚೋಚೋ ಅನ್ನುವ ಕಾಯಿಲೆ ಇದೆ. ನೀರಿನ ಬಸವನಹುಳದಿಂದ ಹೊರಬರುವ ಸಣ್ಣ ಜೀವಿ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಬರಿಗಾಲಲ್ಲಿ ಅಂಗಳ ತಿರುಗಬೇಡಿ. ಫುನ್ಝಾ ಅನ್ನುವ ಚಿಗಟ ಕಾಲ್ಬೆರಳಿನ ಒಳಗೆ ಸೇರಿಕೊಳ್ಳುತ್ತದೆ. ಕುಡಿಯುವ ನೀರು ಕುದಿಸಿಯೇ ಕುಡಿಯಿರಿ. ಹೆದರಿಸಲು ಹೇಳುತ್ತಿಲ್ಲ ಮಗಾ. ನೀನು ಹುಷಾರಾಗಿದ್ದರೆ ತಾನೆ ಮಕ್ಕಳ ಮುಂದೆ ನಿಲ್ಲುವುದು.

ಮಣ್ಣಿನ ದಾರಿ

ಕಾಗದಪತ್ರದ ಬಗ್ಗೆ ಒಂದು ಮಾತು. ಪ್ರವಾಸಿ ವೀಸಾದಲ್ಲಿ ಹೋಗಿ ಶಾಲೆಯಲ್ಲಿ ಕೆಲಸ ಮಾಡುವಂತಿಲ್ಲ. ಸ್ವಯಂಸೇವಕರಿಗೆ ರೆಸಿಡೆನ್ಸ್ ಪರ್ಮಿಟ್ ಬೇಕು, ಅದು ಸಿ ವರ್ಗದಲ್ಲಿ ಬರುತ್ತದೆ. ಕರೆಸಿಕೊಳ್ಳುವವರು ಪ್ರವಾಸಿ ವೀಸಾ ಸಾಕು ಅಂದರೆ ಅಲ್ಲೇ ಅನುಮಾನ ಪಡಿ. ಇನ್ನೊಂದು, 2019ರ ಜೂನ್ 1ರಿಂದ ಅಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧ. ಪೆಟ್ಟಿಗೆಯಲ್ಲಿ ಸಾಮಾನು ಸುತ್ತಲು ಬಟ್ಟೆಯ ಚೀಲ ಇಟ್ಟುಕೊಳ್ಳಿ.

ನೇರ ಮಾತು

ನಿಮ್ಮ ಮನಸ್ಸು ಒಳ್ಳೆಯದು ಮೇಡಂ, ಅದರಲ್ಲಿ ಅನುಮಾನ ಇಲ್ಲ. ಆದರೂ ಕೇಳಲೇಬೇಕು. ಟಾಂಜಾನಿಯಾದಲ್ಲಿ ತರಬೇತಿ ಮುಗಿಸಿ ಕೆಲಸಕ್ಕೆ ಕಾಯುತ್ತಿರುವ ಯುವ ಶಿಕ್ಷಕರು ಎಷ್ಟೋ ಜನ ಇದ್ದಾರೆ. ಅವರಿಗೆ ಮಕ್ಕಳ ಭಾಷೆ ಗೊತ್ತು, ಊರು ಗೊತ್ತು. ನೀವು ವಿಮಾನಕ್ಕೆ, ಪರ್ಮಿಟ್ಟಿಗೆ ಹಾಕುವ ದುಡ್ಡಿನಲ್ಲಿ ಅಲ್ಲಿಯವರೇ ಒಬ್ಬರಿಗೆ ಕೆಲ ತಿಂಗಳ ಸಂಬಳ ಕೊಡಬಹುದು. ನೀವು ಹೋಗಿ ಅವರ ಜಾಗದಲ್ಲಿ ಪುಕ್ಕಟೆ ನಿಂತರೆ ಸರಕಾರಕ್ಕೂ ಹೊಸಬರನ್ನು ತೆಗೆದುಕೊಳ್ಳುವ ಒತ್ತಡ ಕಮ್ಮಿ ಆಗುತ್ತದೆ, ಅಲ್ವಾ?

ಬಣ್ಣದ ಗೋಡೆ

ಇದನ್ನು ಓದಿ ನನಗೂ ಹೇಳಬೇಕು ಅನ್ನಿಸಿತು. ನಾನು ಹೋಗಿದ್ದು ಎರಡೇ ವಾರಕ್ಕೆ, ಪೂರ್ವ ಆಫ್ರಿಕಾದ ಒಂದು ಪ್ರಾಥಮಿಕ ಶಾಲೆಗೆ. ಕಳಿಸಿದ ಸಂಸ್ಥೆ ನನ್ನಿಂದ ದುಡ್ಡು ತೆಗೆದುಕೊಂಡಿತ್ತು. ನಾವು ಆರು ಜನ ಸೇರಿ ತರಗತಿಯ ಗೋಡೆಗೆ ಬಣ್ಣ ಹಚ್ಚಿದೆವು. ಆ ಎರಡು ವಾರ ಮಕ್ಕಳು ಮರದ ಕೆಳಗೆ ಕೂತಿದ್ದರು. ಮೂರನೇ ದಿನ ಅಲ್ಲಿಯ ಮೇಷ್ಟ್ರೊಬ್ಬರು ನನ್ನ ಕೈಯಿಂದ ಬ್ರಷ್ ತೆಗೆದುಕೊಂಡು, ಮೇಲಿನಿಂದ ಕೆಳಕ್ಕೆ ಹೇಗೆ ಎಳೆಯಬೇಕು ಅಂತ ಸಮಾಧಾನದಿಂದ ತೋರಿಸಿದರು. ಅವರ ಕೆಲಸ ನನಗಿಂತ ಎಷ್ಟೋ ಚೆನ್ನಾಗಿತ್ತು. ಈ ಕೆಲಸಕ್ಕೆ ನಾನು ಇಲ್ಲಿಗೆ ಬರಬೇಕಿರಲಿಲ್ಲ ಅಂತ ಆಗ ಗೊತ್ತಾಯಿತು.

ಹೊರಡುವ ದಿನ ಒಂದು ಮಗು ನನ್ನ ಬಟ್ಟೆ ಹಿಡಿದು ಬಿಡಲೇ ಇಲ್ಲ. ನಮಗಿಂತ ಮುಂಚೆ ಎಷ್ಟು ಗುಂಪು ಬಂದು ಹೀಗೆ ಹೋಗಿತ್ತೋ. ಆ ಮಗುವಿನ ಮುಖ ನನ್ನ ಜೊತೆ ಇದೆ. ಒಂದು ವರ್ಷ ಅಂದರೆ ಬೇರೆ ಮಾತು, ಹೋಗಿ ಅನ್ನುತ್ತೇನೆ. ಎರಡು ವಾರಕ್ಕೆ ಯಾರೂ ಹೋಗಬೇಡಿ.

ಹೊರಟವಳು

ನರ್ಸಕ್ಕ, ತುಂಬ ಥ್ಯಾಂಕ್ಸ್. ನಿಮ್ಮ ಮಾತನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದ್ದೇನೆ. ನೇರ ಮಾತು ಅವರೆ, ನೀವು ಕೇಳಿದ್ದು ನನಗೂ ಚುಚ್ಚುತ್ತಿರುವ ಪ್ರಶ್ನೆಯೇ. ನನ್ನ ಹತ್ತಿರ ಉತ್ತರ ಇಲ್ಲ. ಕತ್ತಾಳೆ ಬೇಲಿ ಸರ್, ನೀವು ಏನು ಹೇಳುತ್ತೀರಿ? ಯಾರದಾದರೂ ಜಾಗ ಕಿತ್ತುಕೊಂಡ ಹಾಗೆ ಆಗುತ್ತದಾ?

ಕತ್ತಾಳೆ ಬೇಲಿ

ನೇರ ಮಾತು ಅವರ ಪ್ರಶ್ನೆಗೆ ಮೊದಲು. 2016ರ ಜನವರಿಯಿಂದ ಸೆಕೆಂಡರಿಯ ಮೊದಲ ನಾಲ್ಕು ವರ್ಷದ ಫೀಸನ್ನು ಸರಕಾರ ತೆಗೆದುಹಾಕಿತು. ಮಕ್ಕಳು ಬಂದು ತುಂಬಿದರು. ಕೋಣೆ, ಮೇಷ್ಟ್ರು ಮಾತ್ರ ಮೊದಲು ಇದ್ದಷ್ಟೇ. ನನ್ನ ಫಾರ್ಮ್ ಒನ್, ಅಂದರೆ ಸೆಕೆಂಡರಿಯ ಮೊದಲ ವರ್ಷದ ತರಗತಿಯಲ್ಲಿ 72 ಮಕ್ಕಳು. ಗಣಿತ, ವಿಜ್ಞಾನಕ್ಕೆ ಜನ ಕಮ್ಮಿ, ಅದರಲ್ಲೂ ಹಳ್ಳಿಗಳಲ್ಲಿ. ಹಾಗಂತ ನಾನು ಹೋದದ್ದೇ ಪರಿಹಾರ ಅನ್ನುವುದಿಲ್ಲ. ಮೇಡಂ, ಖಾಲಿ ಹುದ್ದೆಯ ಕುರ್ಚಿಯಲ್ಲಿ ಕೂರಬೇಡಿ. ಅಲ್ಲಿರುವ ಶಿಕ್ಷಕರ ಪಕ್ಕದಲ್ಲಿ ಕೂತುಕೊಳ್ಳಿ. ಈ ವ್ಯತ್ಯಾಸ ನನಗೆ ಅರ್ಥ ಆಗಲು ಮೂರು ತಿಂಗಳು ಬೇಕಾಯಿತು.

ಮೊದಲ ವಾರ ನಾನು ಬೋರ್ಡ್ ತುಂಬ ಬರೆದೆ, ಇಂಗ್ಲಿಷಿನಲ್ಲಿ ವಿವರಿಸಿದೆ. ಅರ್ಥ ಆಯ್ತಾ ಅಂತ ಕೇಳಿದೆ. 72 ಮಕ್ಕಳೂ ಒಂದೇ ದನಿಯಲ್ಲಿ 'ಯೆಸ್ ಟೀಚರ್' ಅಂದರು. ಶುಕ್ರವಾರ ಸಣ್ಣ ಪರೀಕ್ಷೆ ಕೊಟ್ಟೆ. ಹೆಚ್ಚಿನವರ ಹಾಳೆ ಖಾಲಿ. ಕೆಲವರು ಪ್ರಶ್ನೆಯನ್ನೇ ಅಂದವಾದ ಅಕ್ಷರದಲ್ಲಿ ನಕಲು ಮಾಡಿ ಕೊಟ್ಟಿದ್ದರು.

ಕಾರಣ ಭಾಷೆ. ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ನನ್ನ ಮಕ್ಕಳು ಏಳು ವರ್ಷ ಓದಿದ್ದು ಸ್ವಾಹಿಲಿಯಲ್ಲಿ. ಇಂಗ್ಲಿಷ್ ಒಂದು ವಿಷಯ ಮಾತ್ರ. ಸೆಕೆಂಡರಿಗೆ ಕಾಲಿಟ್ಟ ದಿನದಿಂದ ಜೀವಶಾಸ್ತ್ರ, ಇತಿಹಾಸ, ಗಣಿತ ಎಲ್ಲವೂ ಇಂಗ್ಲಿಷ್. ನಡುವೆ ಕೆಲವು ವಾರದ ಒಂದು ಸೇತುವೆ ಪಾಠ ಇರುತ್ತದೆ. ಕೆಲವು ವಾರದಲ್ಲಿ ಏನಾಗುತ್ತದೆ ಹೇಳಿ. ಹಿಂದಿನ ವರ್ಷ ಮಾತಿನ ಮಲ್ಲಿಯಾಗಿದ್ದ ಹುಡುಗಿ ಈ ವರ್ಷ ಬಾಯಿ ಬಿಡುವುದಿಲ್ಲ. ನಾನೂ ಹತ್ತರವರೆಗೆ ಕನ್ನಡದಲ್ಲಿ ಓದಿ ಆಮೇಲೆ ಇಂಗ್ಲಿಷಿಗೆ ಬಿದ್ದವನು. ಆ ಮೌನ ನನಗೆ ಗೊತ್ತು. ಹಾಳೆ ಖಾಲಿ ಇದ್ದರೂ ತಲೆ ಖಾಲಿ ಇರುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. 'ಫೋಟೋಸಿಂಥೆಸಿಸ್' ಅಂತ ಬರೆದರೆ ಮಕ್ಕಳ ಕಣ್ಣಲ್ಲಿ ಏನೂ ಇಲ್ಲ. ನನ್ನ ಜೊತೆಯ ಜೀವಶಾಸ್ತ್ರದ ಶಿಕ್ಷಕಿ ಪಕ್ಕದಲ್ಲೇ 'ಉಸನಿಸಿನೂರು' ಅಂತ ಬರೆದರು. ಹಿಂದಿನ ಬೆಂಚಿನ ತನಕ ಕೈಗಳು ಮೇಲೆ ಬಂದವು. ಎಲೆ, ಬಿಸಿಲು, ನೀರು, ಗಾಳಿ ಎಲ್ಲಾ ಅವರಿಗೆ ಗೊತ್ತಿತ್ತು. ನೂರು ಅಂದರೆ ಬೆಳಕು, ಉಸನಿಸಿ ಅಂದರೆ ಕೂಡಿಸಿ ಮಾಡುವುದು. ತ್ರಿಕೋನಕ್ಕೆ 'ಪೆಂಬೆತಾತು', ಅಂದರೆ ಮೂರು ಮೂಲೆ. ಟ್ರಯಾಂಗಲ್ ಅನ್ನುವುದೂ ಅದೇ ಅಂತ ತೋರಿಸಿದರೆ ಇಂಗ್ಲಿಷ್ ಪದದ ಭಯ ಅರ್ಧ ಹೋಗುತ್ತದೆ.

ಆಮೇಲೆ ನಾನು ನನ್ನ ಪಿರಿಯಡ್‌ಗಳಲ್ಲಿ ಅರ್ಧವನ್ನು ಅಲ್ಲಿಯ ಗಣಿತ ಮೇಷ್ಟ್ರ ಜೊತೆ ಹಂಚಿಕೊಂಡೆ. ಅವರು ಪಾಠ ಮಾಡುವಾಗ ನಾನು ಕೊನೆಯ ಬೆಂಚಿನಲ್ಲಿ ಕೂತು ಪದ ಬರೆದುಕೊಳ್ಳುತ್ತಿದ್ದೆ. ನಾನು ಮಾಡುವಾಗ ಅವರು ಪಕ್ಕದಲ್ಲಿ ನಿಂತು, ಮಕ್ಕಳು ಎಲ್ಲಿ ಜಾರಿದರು ಅಂತ ಸಂಜೆ ಹೇಳುತ್ತಿದ್ದರು. ಇಬ್ಬರೂ ಸೇರಿ ಪ್ರತಿ ಪಾಠಕ್ಕೆ ಸ್ವಾಹಿಲಿ, ಇಂಗ್ಲಿಷ್ ಪದಗಳ ಪಟ್ಟಿ ಮಾಡಿದೆವು. ಮಕ್ಕಳು ಅದನ್ನು ಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಂಡರು. ಎರಡು ವರ್ಷದಲ್ಲಿ ನಾನು ಮಾಡಿದ್ದರಲ್ಲಿ ನಾನು ವಾಪಸ್ ಬಂದ ಮೇಲೂ ಉಳಿದದ್ದು ಆ ಪಟ್ಟಿ. ಅದು ಮೇಷ್ಟ್ರ ಕೈಬರಹದಲ್ಲಿದೆ, ಅದಕ್ಕೇ ಉಳಿಯಿತು.

ಭಾಷೆ ಕಲಿಯುವುದು ನೀವು ಅಂದುಕೊಂಡಷ್ಟು ಕಷ್ಟ ಅಲ್ಲ. ಅರಬ್ಬಿ, ಪಾರ್ಸಿ ಕಡೆಯಿಂದ ನಮಗೆ ಬಂದ ಪದಗಳು ಅವರಿಗೂ ಹೋಗಿವೆ. ಸಾಬೂನು ಅಲ್ಲಿ ಸಬೂನಿ. ತಯಾರಿ ಅಲ್ಲಿ ತಯಾರಿಯೇ, ಸಿದ್ಧ ಅಂತ ಅರ್ಥ. ವಕೀಲ ವಕೀಲಿ, ಹಿಸಾಬು ಹೆಸಾಬು, ದುನಿಯಾ ದುನಿಯಾ, ರಂಗು ರಂಗಿ. ಚಹಾ ಅಂಗಡಿಯಲ್ಲಿ ಚಾಯ್, ಚಪಾತಿ ಅಂದರೆ ಚಾಯ್, ಚಪಾತಿಯೇ ಬರುತ್ತದೆ. ಸ್ವಯಂಸೇವಕರನ್ನು ಬೇರೆ ದೇಶಗಳಿಗೆ ಕಳಿಸುವ ಅಮೆರಿಕ ಸರಕಾರದ ಸಂಸ್ಥೆ ಪೀಸ್ ಕೋರ್ 1961ರಲ್ಲಿ ಮೊಟ್ಟಮೊದಲು ಜನ ಕಳಿಸಿದ ದೇಶಗಳಲ್ಲಿ ಇದೂ ಒಂದು, ಆಗಿನ ಹೆಸರು ಟಾಂಗನೀಕಾ. ಇವತ್ತು ಅವರ ಅವಧಿ 27 ತಿಂಗಳು. ಮೊದಲ ತಿಂಗಳುಗಳು ಬರೀ ಭಾಷೆ ಮತ್ತು ಊರಿನ ರೀತಿ ಕಲಿಯಲಿಕ್ಕೆ. ನೀವೂ ಜನವರಿಯ ತನಕ ದಿನಕ್ಕೆ ಒಂದು ಗಂಟೆ ಸ್ವಾಹಿಲಿಗೆ ಕೊಡಿ.

'ಪೋಲೆ' ಅನ್ನುವ ಒಂದು ಪದ ಮೊದಲೇ ಕಲಿಯಿರಿ. ಎಡವಿದವರಿಗೆ, ಜ್ವರ ಬಂದವರಿಗೆ, ಹೊರೆ ಹೊತ್ತು ಬರುವವರಿಗೆ, ಮನೆಯಲ್ಲಿ ಸಾವಾದವರಿಗೆ, ಎಲ್ಲರಿಗೂ ಅದನ್ನೇ ಹೇಳುತ್ತಾರೆ. ನಿನ್ನ ಕಷ್ಟ ನನಗೆ ಕಾಣಿಸಿತು ಅನ್ನುವ ಹಾಗೆ. ನನಗೆ ಜ್ವರ ಬಂದು ಮಲಗಿದ್ದಾಗ ಬಾಗಿಲ ಹೊರಗೆ ಮಕ್ಕಳು ಸಾಲಾಗಿ ಬಂದು ಪೋಲೆ ಮ್ವಾಲಿಮು ಅಂತ ಹೇಳಿ ಹೋಗುತ್ತಿದ್ದರು.

ಹೊರಟವಳು

ಸರ್, ಎರಡು ಸಲ ಓದಿದೆ. ಮನಸ್ಸು ಹಗುರ ಆಯಿತು. ಇನ್ನೊಂದು ಭಯ ಉಳಿದಿದೆ. ಅಲ್ಲಿ ಶಾಲೆಗಳಲ್ಲಿ ಮಕ್ಕಳಿಗೆ ಹೊಡೆಯುತ್ತಾರೆ ಅಂತ ಕೇಳಿದೆ. ನನ್ನ ಕಣ್ಣೆದುರು ನಡೆದರೆ ನಾನು ಏನು ಮಾಡಬೇಕು?

ಕತ್ತಾಳೆ ಬೇಲಿ

ಈ ಪ್ರಶ್ನೆಗೆ ನೆಮ್ಮದಿ ಕೊಡುವ ಉತ್ತರ ನನ್ನ ಹತ್ತಿರ ಇಲ್ಲ ಮೇಡಂ. ಹೌದು, ಬೆತ್ತ ಇದೆ, ಅಲ್ಲಿ ಅದನ್ನು 'ಫಿಂಬೊ' ಅನ್ನುತ್ತಾರೆ. ಕಾನೂನಿನಲ್ಲೂ ಅವಕಾಶ ಇದೆ. ನಿಯಮದ ಪ್ರಕಾರ ನಾಲ್ಕು ಏಟಿಗಿಂತ ಜಾಸ್ತಿ ಇಲ್ಲ, ಹೆಡ್‌ಮಾಸ್ಟರ್ ಅಥವಾ ಅವರು ಒಪ್ಪಿಗೆ ಕೊಟ್ಟವರು ಮಾತ್ರ, ಅದನ್ನು ಬರೆದಿಡಬೇಕು. ನಡೆಯುವುದು ಯಾವಾಗಲೂ ಹಾಗಲ್ಲ.

ನಾನು ಮೊದಲ ವಾರವೇ ಹೆಡ್‌ಮಾಸ್ಟರ ಕೋಣೆಗೆ ಹೋಗಿ, ನಾನು ಬೆತ್ತ ಮುಟ್ಟುವುದಿಲ್ಲ, ಹೊಡೆಸಲು ಯಾರನ್ನೂ ಕಳಿಸುವುದೂ ಇಲ್ಲ ಅಂತ ಹೇಳಿದೆ. ಅವರು ಒಪ್ಪಿದರು. ಬೇರೆಯವರು ಹೊಡೆಯುವಾಗ ಮಕ್ಕಳ ಮುಂದೆ ಅಡ್ಡ ಹೋಗಲಿಲ್ಲ. ಅದು ಸರಿಯಾ ಅಂತ ಇವತ್ತಿಗೂ ನನ್ನನ್ನೇ ಕೇಳಿಕೊಳ್ಳುತ್ತೇನೆ. ಒಂದು ದಿನ ಒಬ್ಬ ಹುಡುಗನಿಗೆ ಏಟು ಬಿತ್ತು. ತಪ್ಪು ಏನು ಅಂದರೆ ಅಂಗಳದಲ್ಲಿ ಸ್ವಾಹಿಲಿ ಮಾತಾಡಿದ್ದು. ಇಂಗ್ಲಿಷ್ ಮಾತ್ರ ಅಂತ ಗೋಡೆಯ ಮೇಲೆ ಬರೆದಿತ್ತು. ಆ ದಿನ ನನಗೆ ಊಟ ಸೇರಲಿಲ್ಲ.

ಸಂಜೆ ಹೊಡೆದ ಮೇಷ್ಟ್ರ ಮನೆಗೇ ಹೋದೆ. ಬಾಗಿಲಲ್ಲಿ 'ಹೋದಿ' ಅಂದೆ, 'ಕರಿಬು' ಅಂತ ಒಳಗೆ ಕರೆದರು. ನಾನೂ ಹೀಗೆಯೇ ಇಂಗ್ಲಿಷ್ ಕಲಿತದ್ದು, ಬೆನ್ನ ಮೇಲೆ ಏಟು ತಿಂದು, ಅಂದರು. ಆಮೇಲೆ ಸುಮಾರು ಹೊತ್ತು ಸುಮ್ನೆ ಕೂತರು. ಕೆಟ್ಟ ಮನುಷ್ಯ ಅಲ್ಲ ಅವರು. ರಜೆಯಲ್ಲಿ ದುಡ್ಡು ತೆಗೆದುಕೊಳ್ಳದೆ ಪಾಠ ಹೇಳುತ್ತಿದ್ದವರು. ನಮ್ಮ ಪದಗಳ ಪಟ್ಟಿ ಮುಂದೆ ಬೆಳೆದಾಗ ಇತಿಹಾಸದ ಪದಗಳನ್ನು ಸೇರಿಸಿಕೊಟ್ಟವರು ಅವರೇ. ಬೆತ್ತ ಬಿಟ್ಟರು ಅಂತ ಹೇಳಲಾರೆ. ಅಂಗಳದಲ್ಲಿ ಸ್ವಾಹಿಲಿ ಮಾತಾಡಿದ್ದಕ್ಕೆ ಮಾತ್ರ ಆಮೇಲೆ ಅವರು ಹೊಡೆದದ್ದನ್ನು ನಾನು ನೋಡಲಿಲ್ಲ.

ಹುಡುಗಿಯರ ಬಗ್ಗೆಯೂ ಕಣ್ಣಿಡಿ. ನಾನಿದ್ದಾಗ ಗರ್ಭಿಣಿಯಾದ ಹುಡುಗಿಯನ್ನು ಶಾಲೆಯಿಂದ ಹೊರಗೆ ಹಾಕುತ್ತಿದ್ದರು, ಮತ್ತೆ ಬರುವಂತಿರಲಿಲ್ಲ. 2021ರ ನವೆಂಬರಿನಲ್ಲಿ ಸರಕಾರ ಅದನ್ನು ಬದಲಿಸಿತು. ಈಗ ಹೆರಿಗೆ ಆದ ಮೇಲೆ ವಾಪಸ್ ಸೇರಬಹುದು. ಅದು ಗೊತ್ತಿಲ್ಲದ ಮನೆಗಳು ಇನ್ನೂ ಇರಬಹುದು. ಹುಡುಗಿಯೊಬ್ಬಳು ಇದ್ದಕ್ಕಿದ್ದಂತೆ ಬರುವುದು ಬಿಟ್ಟರೆ ಅಲ್ಲಿಯ ಶಿಕ್ಷಕಿಯನ್ನು ಜೊತೆಗೆ ಕರೆದುಕೊಂಡು ಮನೆಗೆ ಹೋಗಿ.

ನೇರ ಮಾತು

ಪಕ್ಕದಲ್ಲಿ ಕೂರುವುದು ಅಂದಿರಲ್ಲ, ಆ ಮಾತು ನನಗೆ ಹಿಡಿಸಿತು. ಸ್ಥಳೀಯ ಶಿಕ್ಷಕರನ್ನು ತೆಗೆದುಕೊಳ್ಳಬೇಕು ಅನ್ನುವ ನನ್ನ ಅಭಿಪ್ರಾಯ ಹಾಗೆಯೇ ಇದೆ. ಆದರೂ ಹೋಗಿ ಬನ್ನಿ ಮೇಡಂ. ಆ ಪದಪಟ್ಟಿಗೆ ಏನಾದರೂ ಮುದ್ರಣದ ಖರ್ಚು ಬಂದರೆ ನನಗೆ ಹೇಳಿ.

ಹೊರಟವಳು

ಬಂದು ಐದು ವಾರ ಆಯಿತು. ನೆಟ್‌ವರ್ಕ್ ಸಿಗುವ ಗುಡ್ಡದ ಮೇಲೆ ಕೂತು ಬರೆಯುತ್ತಿದ್ದೇನೆ. ನರ್ಸಕ್ಕ, ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ. ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿಯೇ ಮಲಗುತ್ತೇನೆ.

ಮೊದಲ ಮೂರು ವಾರ ಪಾಠ ಮಾಡಲೇ ಇಲ್ಲ. ಹಿಂದಿನ ಬೆಂಚಿನಲ್ಲಿ ಕೂತೆ. ಹೆಡ್‌ಮಾಸ್ಟರಿಗೆ ಸ್ವಲ್ಪ ಆಶ್ಚರ್ಯ ಆಯಿತು. ಭೌತಶಾಸ್ತ್ರದ ಶಿಕ್ಷಕರಿಗೆ ಮಾತ್ರ ತುಂಬ ಖುಷಿ. ಪಕ್ಕದಲ್ಲಿ ಕೂರುವ ಹುಡುಗಿ ನನಗೆ ದಿನಕ್ಕೆ ಐದು ಪದ ಕಲಿಸುತ್ತಾಳೆ. ತಪ್ಪು ಹೇಳಿದರೆ ತಲೆ ಆಡಿಸಿ, ಇನ್ನೊಮ್ಮೆ ಹೇಳಿಸುತ್ತಾಳೆ.

ನಿನ್ನೆ ನನ್ನ ಮೊದಲ ಪಾಠ. ಘರ್ಷಣೆ. ಬೋರ್ಡಿನ ಮೇಲೆ 'ಫ್ರಿಕ್ಷನ್' ಅಂತ ಬರೆದೆ. ಎಲ್ಲರೂ ಮೌನ. ಪಕ್ಕದಲ್ಲಿ 'ಮ್ಸುಗುವಾನೋ' ಅಂತ ಬರೆದೆ. ಕುಸುಗುವಾ ಅಂದರೆ ಉಜ್ಜುವುದು, ಬೆಳಗ್ಗೆ ಅವರು ನೆಲ ಉಜ್ಜುತ್ತಾರಲ್ಲ, ಅದೇ. ಆ ಹುಡುಗಿ ಎದ್ದು ನಿಂತಳು. ಎರಡೂ ಅಂಗೈ ಜೋರಾಗಿ ಉಜ್ಜಿ, ಪಕ್ಕದವಳ ಕೆನ್ನೆಗೆ ಒತ್ತಿ, 'ಹಾಟ್, ಟೀಚರ್' ಅಂದಳು. ಆಮೇಲೆ ಇಡೀ ತರಗತಿ ಅಂಗೈ ಉಜ್ಜತೊಡಗಿತು.

ಕತ್ತಾಳೆ ಬೇಲಿ ಸರ್, ನಿಮ್ಮ ಹಳೆಯ ಶಾಲೆಯ ಪದಪಟ್ಟಿಯ ಒಂದು ಪ್ರತಿ ನಮ್ಮ ಶಿಕ್ಷಕರಿಗೆ ಬೇಕಂತೆ. ಅಲ್ಲಿಯ ಮೇಷ್ಟ್ರನ್ನು ಕೇಳಿ ಹೇಳುತ್ತೀರಾ? ಬರುವ ಶನಿವಾರ ನಾವಿಬ್ಬರೂ ಹೋಗಿ ಬರೆದುಕೊಂಡು ಬರುತ್ತೇವೆ.